ಏಳು, ಸಿದ್ದಲಿಂಗ

ಶೇಡಬಾಳದ ಭಾವುಸಾಹೇಬರು ಸುಲಭಕ್ಕೆ ಯಾರಿಗೂ ತಲೆಬಾಗುವವರಲ್ಲ. ತಹಶೀಲ್ದಾರರ ಎದುರು ಕೂಡ ಕುರ್ಚಿ ಎಳೆದುಕೊಂಡು ಕುಳಿತೇ ಮಾತಾಡುವ ಮನುಷ್ಯ. ಅಂಥವರು ಒಬ್ಬರ ಹೆಸರು ಬಂದರೆ ಮಾತ್ರ ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಅವರು ಚಿಕ್ಕೋಡಿಯ ಸರ್ಜನ್ ಜಯಪಾಲ ಡಾಕ್ಟರು.

ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವಾಗ ಟ್ರ್ಯಾಕ್ಟರ್ ಮಗುಚಿ ಭಾವುಸಾಹೇಬರ ಹೊಟ್ಟೆಯ ಮೇಲೆ ಬಿದ್ದಿತ್ತು. ಕರುಳು ಒಡೆದಿತ್ತು. ನೋಡಿದವರೆಲ್ಲ ಇನ್ನು ಮುಗಿಯಿತು ಅಂದಿದ್ದರು. ಜಯಪಾಲ ಡಾಕ್ಟರು ಹೊಟ್ಟೆ ತೆರೆದು, ಒಡೆದದ್ದನ್ನು ಕತ್ತರಿಸಿ ಜೋಡಿಸಿ ಹೊಲಿದರು. ಅಷ್ಟಕ್ಕೇ ಮನೆಗೆ ಹೋಗದೆ, ಜ್ವರ ಇಳಿಯುವವರೆಗೂ ರೋಗಿಯ ಮಗ್ಗುಲಲ್ಲೇ ಸ್ಟೂಲು ಹಾಕಿಕೊಂಡು ಕುಳಿತರು. ಆಗ ಮಗಳು ಬ್ರಾಹ್ಮಿ ಪಿಯುಸಿ ಓದುತ್ತಿದ್ದಳು. ಐಸಿಯು ಬಾಗಿಲಿನ ಗಾಜಿಗೆ ಹಣೆ ಹಚ್ಚಿ ನಿಂತು ಅವರನ್ನೇ ನೋಡುತ್ತಿದ್ದಳು. ಅಪ್ಪ ಮನೆಗೆ ಬಂದ ದಿನವೇ ತಾನು ಸರ್ಜನ್ ಆಗುವುದಾಗಿ ಹೇಳಿದಳು.

ಹೇಳಿದ ಹಾಗೆ ಆದಳು. ಎಂಬಿಬಿಎಸ್ ಮುಗಿಸಿ ಸರ್ಜರಿ ಓದಲು ಸೀಟು ಸಿಕ್ಕದ್ದು ಜಯಪಾಲ ಡಾಕ್ಟರು ಯೂನಿಟ್ ಮುಖ್ಯಸ್ಥರಾಗಿದ್ದ ಚಿಕ್ಕೋಡಿಯ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಯಲ್ಲೇ. ಭಾವುಸಾಹೇಬರು ಬಸದಿಯಲ್ಲಿ ಪೇಢೆ ಹಂಚಿದರು. ದೇವರ ಕೈಗೇ ಮಗಳನ್ನು ಒಪ್ಪಿಸಿದೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಮಗಳು ಎರಡನೆಯ ವರ್ಷದಲ್ಲಿದ್ದಾಗ, ತೋಟದಲ್ಲಿ ದ್ರಾಕ್ಷಿ ಕೊಯ್ಲು ನಡೆದಿದ್ದ ಹೊತ್ತಿನಲ್ಲಿ, ಡಾಕ್ಟರಿಂದ ಫೋನು ಬಂತು. ಭಾವುಸಾಹೇಬರು ಎದ್ದು ನಿಂತೇ ಮಾತಾಡಿದರು. ಡಾಕ್ಟರ ದನಿ ತಣ್ಣಗಿತ್ತು. ವಾರ್ಡಿನಲ್ಲಿ, ಎಲ್ಲರ ಎದುರು, ನಿಮ್ಮ ಮಗಳು ನನಗೆ ಅವಮಾನ ಮಾಡಿದ್ದಾಳೆ. ಅದೇ ವಾರ್ಡಿನಲ್ಲಿ ನಿಂತು ಕ್ಷಮೆ ಕೇಳಬೇಕು. ಇಲ್ಲವಾದರೆ ಅವಳನ್ನು ಪರೀಕ್ಷೆಗೆ ಕೂಡಿಸಲು ನಾನು ಸಹಿ ಹಾಕುವುದಿಲ್ಲ. ನೀವು ಬಂದು ಬುದ್ಧಿ ಹೇಳಿರಿ ಎಂದರು.

ಭಾವುಸಾಹೇಬರ ಮುಖ ಕಪ್ಪಿಟ್ಟಿತು. ಒಳ್ಳೆಯ ಗೊನೆಗಳನ್ನೇ ಆರಿಸಿ ಒಂದು ಪೆಟ್ಟಿಗೆ ದ್ರಾಕ್ಷಿ ಕಟ್ಟಿಸಿ ಗಾಡಿಯಲ್ಲಿಟ್ಟರು. ಹೆಂಡತಿ ಜಿನಮತಿ ಬುತ್ತಿ ಕಟ್ಟಿಕೊಟ್ಟರು. ಅವರು ಗಂಡನೊಂದಿಗೆ ವಾದಕ್ಕಿಳಿಯುವವರಲ್ಲ. ಗಾಡಿ ಹೊರಡುವಾಗ ಮಾತ್ರ ಕಿಟಕಿಗೆ ಬಂದು, “ಮದಲ ಆಕಿ ಮಾತ ಕೇಳ್ರಿ. ನಿಮ್ಮ ದೇವರ ಮಾತ ಆಮ್ಯಾಲೆ ಕೇಳಾಕ ಬರ್ತೈತಿ” ಎಂದರು.

ಕುಡಚಿಯ ಸೇತುವೆ, ರಾಯಬಾಗ ದಾಟಿ ಚಿಕ್ಕೋಡಿ ಮುಟ್ಟುವುದರಲ್ಲಿ ಸಂಜೆಯ ಬಿಸಿಲು ಹಳದಿಯಾಗಿತ್ತು. ಬ್ರಾಹ್ಮಿ ಹಾಸ್ಟೆಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಕಾಯುತ್ತಿದ್ದಳು. ಅಪ್ಪನನ್ನು ನೋಡಿ ಎದ್ದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಕಣ್ಣಿನ ಕೆಳಗೆ ಕಪ್ಪು. ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡು ಬಂದಿದ್ದ ಬೈಗುಳವನ್ನು ಭಾವುಸಾಹೇಬರು ಬದಿಗಿಟ್ಟರು. ಮೊದಲು ಉಣ್ಣು, ಹೊತ್ತು ಮುಳುಗುತ್ತದೆ ಎಂದು ಬುತ್ತಿ ಬಿಚ್ಚಿದರು. ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಬ್ರಾಹ್ಮಿ ಹಾಸ್ಟೆಲಿಗೆ ಬಂದರೂ ಆ ನೇಮ ಬಿಟ್ಟಿರಲಿಲ್ಲ.

ಅವಳು ಉಣ್ಣುವ ಅವಸರವನ್ನು ಅಪ್ಪ ನೋಡಿದರು. ರೊಟ್ಟಿಯನ್ನು ಮುರಿಯದೆ ಮಡಚಿ ಬಾಯಿಗಿಟ್ಟುಕೊಳ್ಳುತ್ತಿದ್ದಳು, ಕಣ್ಣು ಪಡುವಣದ ಬೆಳಕಿನ ಮೇಲೆ.

“ದಿನಾ ಹಿಂಗ ಉಣ್ತಿ ಏನವ್ವಾ?”

ದಿನಾ ಸಿಗುವುದಿಲ್ಲ ಎಂದಳು. ಆಪರೇಷನ್ ಇದ್ದ ದಿನ ಊಟ ತಪ್ಪಿದರೆ ಅವಳಿಗೆ ಬೇಸರವಿರಲಿಲ್ಲ. ರೋಗಿಗಾಗಿ ಉಪವಾಸವಿದ್ದೆ ಎಂದುಕೊಂಡು ನೀರು ಕುಡಿದು ಮಲಗುತ್ತಿದ್ದಳು. ಆದರೆ ಡಾಕ್ಟರಿಗೆ ಅವಳ ನೇಮ ಗೊತ್ತಿತ್ತು. ಅವರೂ ಅದೇ ಜೈನ ಸಮಾಜದವರು. ಏನಾದರೂ ಸಿಟ್ಟಿದ್ದರೆ ಸರಿಯಾಗಿ ಸಂಜೆಯ ಹೊತ್ತಿಗೆ ಅವಳನ್ನು ಕರೆದು ತಮ್ಮ ಕೋಣೆಯ ಹೊರಗೆ ನಿಲ್ಲಿಸುತ್ತಿದ್ದರು. ಕೆಲಸವೇನೂ ಇಲ್ಲ, ಸುಮ್ಮನೆ ನಿಲ್ಲುವುದು. ದೀಪ ಹತ್ತಿದ ಮೇಲೆ ಹೊರಗೆ ಬಂದು, ಸರ್ಜನ್ ಆಗುವವರು ಹೊತ್ತು ನೋಡಬಾರದು ಎಂದು ನಕ್ಕು ಹೋಗುತ್ತಿದ್ದರು.

ಭಾವುಸಾಹೇಬರು ಇದನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದರು.

“ನಿಮಗ ಹೆಂಗ ಹೇಳ್ಲಿ ಅಪ್ಪಾ? ನೀವು ಅವರಿಗೆ ಕೈ ಮುಗದು ಮಾತಾಡ್ತೀರಿ.”

ಬ್ರಾಹ್ಮಿ ಕೈ ತೊಳೆದುಕೊಂಡು ಬಂದು ಉಳಿದದ್ದನ್ನೂ ಹೇಳಿದಳು. ತನ್ನ ಪಾಲಿಗೆ ಬಂದದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಆದರೆ ಆ ವರ್ಷ ಯೂನಿಟ್ಟಿಗೆ ಪಾಲಬಾವಿಯ ಸಿದ್ದಲಿಂಗ ಎಂಬ ಹುಡುಗ ಸೇರಿದ್ದ. ಒಕ್ಕಲುತನದ ಮನೆಯವನು, ಅವರ ಮನೆತನದಲ್ಲೇ ಮೊದಲ ಡಾಕ್ಟರು. ಇಂಗ್ಲಿಷಿನಲ್ಲಿ ಹೇಳುತ್ತ ಹೇಳುತ್ತ ಗಾಬರಿಯಾದರೆ ಕನ್ನಡಕ್ಕೆ ಬಂದುಬಿಡುತ್ತಿದ್ದ. ಡಾಕ್ಟರಿಗೆ ಅದು ಆಟವಾಯಿತು. ಆಪರೇಷನ್ ಮಾಡುವಾಗ ಅವನ ಕೈ ತುಸು ತಡವಾದರೂ ಉಕ್ಕಿನ ಚಿಮಟದಿಂದ ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು. ಒಂದು ಪಾಳಿ ಮುಗಿದರೆ ಮನೆಗೆ ಬಿಡದೆ ಇನ್ನೊಂದು ಪಾಳಿ ಹಾಕುತ್ತಿದ್ದರು. ನಿದ್ದೆಯಿಲ್ಲದೆ ಅವನು ಗೋಡೆ ಹಿಡಿದು ನಡೆಯುವಂತಾಗಿತ್ತು.

ಹೋದ ವಾರ ಬೆಳಗಿನ ರೌಂಡ್ಸಿನಲ್ಲಿ, ಹೆಂಗಸರ ವಾರ್ಡಿನಲ್ಲಿ, ಒಬ್ಬ ಮುದುಕಿಯ ಹೊಟ್ಟೆಗೆ ಹಾಕಿದ್ದ ನಳಿಕೆಯಿಂದ ಎಷ್ಟು ನೀರು ಬಂದಿದೆ ಎಂದು ಡಾಕ್ಟರು ಕೇಳಿದರು. ಸಿದ್ದಲಿಂಗನಿಗೆ ನೆನಪಾಗಲಿಲ್ಲ. ಹಾಳೆ ನೋಡಿ ಹೇಳುತ್ತೇನೆ ಎಂದ. ಕಬ್ಬು ಕಡಿಯುವ ಕೈಗೆ ಚಾಕು ಕೊಟ್ಟದ್ದೇ ತಪ್ಪು ಎಂದ ಡಾಕ್ಟರು, ನೆನಪಾಗುವವರೆಗೆ ಮೊಣಕಾಲೂರು ಎಂದರು. ಅವನು ಊರಿದ. ರೋಗಿಗಳು, ಅವರ ಕಡೆಯವರು, ನರ್ಸುಗಳು ಎಲ್ಲರೂ ನೋಡುತ್ತಿದ್ದರು. ಡಾಕ್ಟರು ಮುಂದಿನ ಹಾಸಿಗೆಗೆ ಹೋದರು. ಅವರ ಹಿಂದೆ ಎಲ್ಲ ಕಲಿಯುವ ಡಾಕ್ಟರುಗಳೂ ಹೋದರು.

ಬ್ರಾಹ್ಮಿ ಹೋಗಲಿಲ್ಲ. ಹಿಂತಿರುಗಿ ಬಂದು ಸಿದ್ದಲಿಂಗನ ರಟ್ಟೆ ಹಿಡಿದು, “ಏಳು, ಸಿದ್ದಲಿಂಗ” ಎಂದಳು. ಅವನಿಗೆ ಏಳಲು ಧೈರ್ಯವಾಗಲಿಲ್ಲ. ಎರಡನೆಯ ಸಲ ಹೇಳಿ ಎಬ್ಬಿಸಿದಳು. ಡಾಕ್ಟರು ಅಲ್ಲಿಂದಲೇ ಬಿಡು ಅವನನ್ನು ಎಂದಾಗ ಬ್ರಾಹ್ಮಿ ಬಿಡದೆ ಹೇಳಿದಳು:

“ಸರ್, ತಪ್ಪಾಗಿದ್ರ ನನ್ನ ಕೇಳ್ರಿ, ನಾ ಇವನ ಸೀನಿಯರ್ ಅದೀನಿ. ಪೇಶಂಟ್ ಮುಂದ ಡಾಕ್ಟರನ ಮೊಣಕಾಲ ಊರಿಸಿದ್ರ ನಾಳೆ ಇವನ ಕೈಯಾಗ ಯಾರು ಹೊಟ್ಟಿ ಕೊಡತಾರ್ರಿ?”

ಇಷ್ಟೇ ಆದದ್ದು. ಅವತ್ತಿನಿಂದ ಅವಳಿಗೆ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತ್ತು. ಸಿದ್ದಲಿಂಗ ಯಾರಿಗೂ ಹೇಳದೆ ಚೀಲ ಕಟ್ಟಿಕೊಂಡು ಊರಿಗೆ ಹೋಗಿದ್ದ. ಬ್ರಾಹ್ಮಿ ಕಾಲೇಜಿಗೆ ದೂರು ಕೊಟ್ಟಿದ್ದಳು, ವಿಚಾರಣೆಗೆ ಸಮಿತಿ ಮಾಡಿದ್ದರು. ಆದರೆ ಜೊತೆಗಿದ್ದ ಒಬ್ಬರೂ ನೋಡಿದ್ದೇವೆ ಎಂದು ಹೇಳಲು ತಯಾರಿರಲಿಲ್ಲ.

ಭಾವುಸಾಹೇಬರು ಅವತ್ತು ಚಿಕ್ಕೋಡಿಯ ನೆಂಟರ ಮನೆಯಲ್ಲಿ ಉಳಿದರು. ಮಗಳು ಸುಳ್ಳು ಹೇಳುವವಳಲ್ಲ ಎಂದು ಗೊತ್ತಿದ್ದರೂ, ಇಷ್ಟು ವರ್ಷ ದೇವರೆಂದು ಕೈಮುಗಿದ ಮನುಷ್ಯನನ್ನು ಒಂದೇ ಸಂಜೆಯಲ್ಲಿ ಕೆಳಗಿಳಿಸಲು ಮನಸ್ಸು ಒಪ್ಪಲಿಲ್ಲ. ಬೆಳಗ್ಗೆ ಡಾಕ್ಟರನ್ನು ಕಾಣುವ ಮೊದಲು ತಾವೇ ಆ ವಾರ್ಡಿಗೆ ಹೋದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ನಳಿಕೆ ಹಾಕಿದ್ದ ಆ ಮುದುಕಿ ಹೊಳೆವ್ವ ಎದ್ದು ಕುಳಿತಿದ್ದಳು. ರಾಯಬಾಗ ಕಡೆಯವಳು. ಸಿದ್ದಲಿಂಗ ಡಾಕ್ಟರು ಎಲ್ಲಿ ಎಂದು ಕೇಳಿದ್ದೇ ತಡ, ಅವಳ ಕಣ್ಣು ತುಂಬಿದವು. ತನ್ನ ಕಾಲ ಬುಡದಲ್ಲೇ ಆ ಹುಡುಗ ಮೊಣಕಾಲೂರಿದ್ದನೆಂದೂ, ತಾನು ನಾಚಿಕೆಯಿಂದ ಮುಸುಕು ಎಳೆದುಕೊಂಡೆನೆಂದೂ ಹೇಳಿದಳು. ಎಬ್ಬಿಸಿದ ಹುಡುಗಿ ಯಾರೆಂದು ಭಾವುಸಾಹೇಬರು ಗೊತ್ತಿಲ್ಲದವರಂತೆ ಕೇಳಿದರು.

“ಯಾರ ಮನಿ ಮಗಳೋ ಯಪ್ಪಾ, ಹುಲಿ ಹಂಗ ಬಂದ್ಳು. ಆಕಿನ್ನ ಹಡದ ಹೊಟ್ಟಿ ತಣ್ಣಗಿರ್ಲಿ.”

ಭಾವುಸಾಹೇಬರು ಅದು ನನ್ನ ಮಗಳು ಎನ್ನಬೇಕೆಂದುಕೊಂಡರು. ಆದರೆ ಮುದುಕಿಗೆ ಕೈಮುಗಿದು ಹೊರಬಿದ್ದರು.

ಜಯಪಾಲ ಡಾಕ್ಟರು ಎದ್ದು ನಿಂತು ಬರಮಾಡಿಕೊಂಡರು, ಹೊಟ್ಟೆ ಹೇಗಿದೆ ಎಂದು ಪ್ರೀತಿಯಿಂದಲೇ ಕೇಳಿದರು, ಚಹಾ ತರಿಸಿದರು. ಆಮೇಲೆ ಮಗಳ ಮಾತಿಗೆ ಬಂದರು. ಹುಡುಗಿಗೆ ಕೈ ಚೆನ್ನಾಗಿದೆ, ಬುದ್ಧಿ ಇದೆ, ವಿನಯವಿಲ್ಲ. ವಾರ್ಡಿಗೆ ಬಂದು ತಪ್ಪಾಯಿತು ಎನ್ನಲಿ, ದೂರು ಹಿಂದಕ್ಕೆ ತೆಗೆದುಕೊಳ್ಳಲಿ, ನಾನು ಎಲ್ಲ ಮರೆಯುತ್ತೇನೆ ಎಂದರು. ಆ ಹುಡುಗನನ್ನು ಹೊಡೆದದ್ದು ಖರೆಯೇ ಎಂದು ಭಾವುಸಾಹೇಬರು ಕೇಳಿದರು. ಡಾಕ್ಟರು ಮುಚ್ಚಿಡಲಿಲ್ಲ.

“ನನ್ನ ಗುರುಗಳು ನನಗ ಹೊಡದ ಕಲಿಸ್ಯಾರ ಭಾವುಸಾಹೇಬ್ರ. ಅದಕ್ಕ ನಿಮ್ಮ ಕರುಳ ಹೊಲಿಯುವಾಗ ಈ ಕೈ ನಡುಗಲಿಲ್ಲ.”

ಆ ಮಾತು ನೇರ ಎದೆಗೆ ತಾಗಿತು. ಒಡೆದ ಹೊಟ್ಟೆ, ಜ್ವರ, ಕಣ್ಣು ಬಿಟ್ಟಾಗಲೆಲ್ಲ ಮಗ್ಗುಲಲ್ಲಿ ಕಂಡ ಇದೇ ಮುಖ, ಎಲ್ಲ ನೆನಪಾಯಿತು. ನೆನಪಾದದ್ದರಿಂದಲೇ ಮಾತು ಸಿಕ್ಕಿತು.

“ಸಾಹೇಬ್ರ, ನಾ ಬದುಕಿದ್ದು ನಿಮ್ಮಿಂದ. ಸಾಯೂತನಾ ಮರೆಯಂಗಿಲ್ರಿ. ಆದ್ರ ಅವತ್ತು ನೀವು ನನ್ನ ಮಗ್ಗಲದಾಗ ಕುಂತಿದ್ರಲ್ಲ, ನನ್ನ ಮಗಳು ಬಾಗಲದಾಗ ನಿಂತು ಅದನ್ನ ನೋಡಿದ್ಳು. ಡಾಕ್ಟರ್ ಅಂದ್ರ ಹಿಂಗ ಇರ್ತಾರ ಅಂತ ಆಕಿ ಕಲತದ್ದು ನಿಮ್ಮನ್ನ ನೋಡೇ. ಬಿದ್ದಾವ್ರ ಮಗ್ಗಲ ಬಿಟ್ಟು ಹೋಗಬಾರದು ಅಂತ. ಹೋದ ವಾರ ಆಕಿ ಮಾಡಿದ್ದೂ ಅದನ್ನ. ಅದಕ್ಕ ಕ್ಷಮಾ ಕೇಳು ಅಂತ ಯಾವ ಬಾಯಿಲೆ ಹೇಳ್ಲಿ?”

ಡಾಕ್ಟರು ಮುಖ ಬಿಗಿದುಕೊಂಡರು. ಹಾಗಾದರೆ ಅವಳ ಪರೀಕ್ಷೆಯನ್ನು ಮರೆತುಬಿಡಿ ಎಂದರು. ಸಮಾಜದಲ್ಲಿ ನಿಮ್ಮ ಮುಖ ಏನಾಗುತ್ತದೆ ಎಂದು ಯೋಚಿಸಿರಿ ಎಂದೂ ಸೇರಿಸಿದರು.

“ನನ್ನ ಜೀವಾ ನಿಮ್ಮದ್ರಿ ಸಾಹೇಬ್ರ. ಮಗಳ ತಲಿ ನಿಮ್ಮದಲ್ಲ” ಎಂದು ಭಾವುಸಾಹೇಬರು ಎದ್ದರು. ತಂದಿದ್ದ ದ್ರಾಕ್ಷಿಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಇದು ನಿಮಗೆಂದೇ ಕೊಯ್ದದ್ದು, ವಾಪಸು ಒಯ್ಯುವುದಿಲ್ಲ ಎಂದರು. ಕೈಮುಗಿದು ಬಂದರು.

ಹೊರಗೆ ಬ್ರಾಹ್ಮಿ ಕಾಯುತ್ತಿದ್ದಳು. ಒಳಗೆ ಏನಾಯಿತು ಎಂದು ಕೇಳಲು ಹೆದರಿಕೊಂಡಿದ್ದಳು. ಭಾವುಸಾಹೇಬರು ಗಾಡಿಯ ಬಾಗಿಲು ತೆರೆದು, ಪಾಲಬಾವಿಗೆ ದಾರಿ ಗೊತ್ತಿದೆಯೇ ಎಂದು ಕೇಳಿದರು. ಅವಳು ಅಪ್ಪನ ಮುಖವನ್ನು ಒಮ್ಮೆ ನೋಡಿ ಹತ್ತಿ ಕುಳಿತಳು. ದಾರಿಯಲ್ಲಿ ಬಹಳ ಹೊತ್ತು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದು ಗೊತ್ತಾಗಿ ಭಾವುಸಾಹೇಬರು ಗಾಡಿಯ ವೇಗ ಇಳಿಸಿದರು.

ಸಿದ್ದಲಿಂಗ ಮನೆಯ ಹಿಂದೆ ಕಬ್ಬಿಗೆ ನೀರು ಹಾಯಿಸುತ್ತಿದ್ದ. ಬ್ರಾಹ್ಮಿಯನ್ನು ಕಂಡು ಗುದ್ದಲಿ ಕೆಳಗಿಟ್ಟ, ಆದರೆ ಹತ್ತಿರ ಬರಲಿಲ್ಲ. ಬಂದವರೊಡನೆ ಮಾತಾಡಿದ್ದು ಅವನ ಅಪ್ಪ ಧರೆಪ್ಪ. ಮಗನ ಬಲಗೈ ಹಿಡಿದೆಳೆದು ತಂದು ಬಾತುಕೊಂಡ ಗಿಣ್ಣು ತೋರಿಸಿದ. ನಾವು ಎತ್ತಿಗೂ ಹೀಗೆ ಹೊಡೆಯುವುದಿಲ್ಲ, ಮತ್ತೆ ಅಲ್ಲಿಗೆ ಕಳಿಸು ಎನ್ನಲು ಬಂದಿದ್ದೀರೇನು ಎಂದು ಕೇಳಿದ. ಅವನ ಹೆಂಡತಿ ಕಸ್ತೂರೆವ್ವ ಹೊಸ್ತಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾವುಸಾಹೇಬರು ಆ ಗಿಣ್ಣಿನ ಮೇಲೆ ಕೈಯಾಡಿಸಿ ನೋಡಿದರು. ತಾನು ಅದೇ ಡಾಕ್ಟರ ಹತ್ತಿರ ಮಗಳಿಂದ ಕ್ಷಮೆ ಕೇಳಿಸಲೆಂದು ಹೊರಟವನು, ಹಾಗೆ ಮಾಡದೆ ಇಲ್ಲಿಗೆ ಬಂದೆ ಎಂದು ಧರೆಪ್ಪನಿಗೆ ಇದ್ದುದನ್ನು ಇದ್ದಂತೆ ಹೇಳಿದರು. ಧರೆಪ್ಪನ ದನಿ ಇಳಿಯಿತು. ಚಾಪೆ ಹಾಸಿ ಕೂಡಿಸಿದ. ಇಬ್ಬರು ಅಪ್ಪಂದಿರು ಕಬ್ಬು, ನೀರು, ಮಕ್ಕಳ ಓದು ಎಂದು ಮಾತಾಡುತ್ತ ಕುಳಿತಾಗ ಬ್ರಾಹ್ಮಿ ಬದುವಿನ ಮೇಲೆ ಸಿದ್ದಲಿಂಗನ ಎದುರು ನಿಂತಿದ್ದಳು. ಅವಳ ಮಾತು ಚಾಪೆಯವರೆಗೂ ಕೇಳಿಸಿತು.

“ವಿಚಾರಣೆಗೆ ನೀ ಬರಲಿಲ್ಲ ಅಂದ್ರೂ ನಾ ಹೇಳಾಕಿನ. ನಿನಗ ಜುಲುಮಿ ಇಲ್ಲ. ಆದ್ರ ಮೊಣಕಾಲ ಊರಿದಾಂವ ಹೋದಾ, ಊರಿಸಿದಾಂವ ಉಳದಾ ಅಂತ ಆಗಬಾರದು ಸಿದ್ದಲಿಂಗ. ತಪ್ಪು ನಿಂದಲ್ಲ, ನೀ ಯಾಕ ಮನಿಗೆ ಬಂದಿ?”

ಸಿದ್ದಲಿಂಗ ಕಾಲಿನಿಂದ ಕಾಲುವೆಯ ಮಣ್ಣು ಸರಿಸಿದ. ಹೊಲದಲ್ಲಿ ಯಾರೂ ಏನಾಯಿತೆಂದು ಕೇಳುವುದಿಲ್ಲ, ಅಲ್ಲಿಗೆ ಬಂದರೆ ಎಲ್ಲರೂ ತಾನು ಮೊಣಕಾಲೂರಿದ್ದನ್ನೇ ನೆನೆಯುತ್ತಾರೆ ಎಂದ. ನೆನೆಯಲಿ, ನಾನಿದ್ದೇನೆ ಎಂದಳು ಬ್ರಾಹ್ಮಿ. ಅವತ್ತು ಅವನು ಏನೂ ಒಪ್ಪಿಕೊಳ್ಳಲಿಲ್ಲ.

ಆದರೆ ವಿಚಾರಣೆಯ ದಿನ ಧರೆಪ್ಪನ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ಬಂದ. ಇಸ್ತ್ರಿ ಹಾಕಿದ ಬಿಳಿ ಕೋಟು ಮಡಚಿ ಕೈಯಲ್ಲಿ ಹಿಡಿದಿದ್ದ, ಗೇಟಿನೊಳಗೆ ಬಂದು ಹಾಕಿಕೊಂಡ. ಭಾವುಸಾಹೇಬರೂ ಧರೆಪ್ಪನೂ ಕೋಣೆಯ ಹೊರಗಿನ ಬೆಂಚಿನಲ್ಲಿ ಅಕ್ಕಪಕ್ಕ ಕುಳಿತರು. ಒಳಗೆ ಬ್ರಾಹ್ಮಿ ಹೇಳಿದಳು, ಸಿದ್ದಲಿಂಗ ಹೇಳಿದ. ಯೂನಿಟ್ಟಿನ ಬೇರೆ ಕಲಿಯುವವರು ಅಷ್ಟು ದೂರದಲ್ಲಿ ಗುಂಪಾಗಿ ನಿಂತಿದ್ದರು, ಕರೆದರೆ ಮಾತ್ರ ಹೋಗುತ್ತೇವೆ ಎಂಬಂತೆ.

ಆಗ ವಾರ್ಡಿನ ಕಡೆಯಿಂದ ಗಾಲಿಕುರ್ಚಿಯಲ್ಲಿ ಹೊಳೆವ್ವ ಬಂದಳು. ಅವತ್ತು ಅವಳಿಗೆ ಮನೆಗೆ ಹೋಗಲು ಬಿಡುಗಡೆಯಾಗಿತ್ತು. ವಿಚಾರಣೆ ನಡೆದಿದೆ ಎಂದು ಕೇಳಿ, ನನ್ನನ್ನೂ ಒಳಗೆ ಬಿಡಿ ಎಂದು ಹಟ ಹಿಡಿದಿದ್ದಳು. ಬಾಗಿಲು ತೆರೆದಿದ್ದರಿಂದ ಅವಳ ಮಾತು ಎಲ್ಲರಿಗೂ ಕೇಳಿಸಿತು.

“ನನಗ ನೋವಾದಾಗೆಲ್ಲಾ ಓಡಿ ಬಂದಾಂವ ಆ ಹುಡುಗ. ಅವನ್ನ ನನ್ನ ಕಾಲಾಗ ಕೆಡವಿದ್ರಿ. ಅವನಿಗಾದ ಅಪಮಾನ ಅಲ್ರಿ ಅದು, ನನಗಾದದ್ದು.”

ಅವಳು ಹೊರಗೆ ಬಂದಳು. ಗುಂಪಿನಿಂದ ಒಬ್ಬ ಹುಡುಗ ತಲೆ ತಗ್ಗಿಸಿಕೊಂಡೇ ಹೋಗಿ ಬಾಗಿಲು ಬಡಿದ. ಅವನ ಹಿಂದೆ ಇನ್ನೊಬ್ಬಳು. ಆಮೇಲೆ ಉಳಿದವರು. ಧರೆಪ್ಪ ಭಾವುಸಾಹೇಬರ ಕೈ ಹಿಡಿದುಕೊಂಡ.

ತೀರ್ಪು ಬರಲು ತಡವಾಯಿತು. ಜಯಪಾಲ ಡಾಕ್ಟರ ಕೈಯಿಂದ ಯೂನಿಟ್ಟಿನ ಮುಖ್ಯಸ್ಥರ ಜಾಗ ಹೋಯಿತು. ಅವರ ಕೆಳಗೆ ಕಲಿಯುವವರನ್ನು ಹಾಕಬಾರದೆಂದಾಯಿತು. ಆಪರೇಷನ್ ಮಾಡುವುದನ್ನು ಯಾರೂ ತಡೆಯಲಿಲ್ಲ; ಅವರ ಕೈಗುಣ ಎಲ್ಲರಿಗೂ ಬೇಕಾಗಿತ್ತು. ಪಾಳಿ ಮುಗಿದ ಮೇಲೆ ಯಾರನ್ನೂ ಹಿಡಿದಿಡಬಾರದೆಂಬ ನಿಯಮ ಬಂತು, ಅರ್ಧಮರ್ಧ ಪಾಲನೆಯೂ ಆಯಿತು. ಈ ಗದ್ದಲದಲ್ಲಿ ಬ್ರಾಹ್ಮಿಯ ಪರೀಕ್ಷೆ ಒಂದು ಸಲ ಹಿಂದಕ್ಕೆ ಬಿತ್ತು. ಊರಲ್ಲಿ ಕೆಲವರು ಭಾವುಸಾಹೇಬರಿಗೆ, ಉಂಡ ಮನೆಯ ಜಂತೆ ಎಣಿಸಿದಿರಲ್ಲ ಎಂದರು. ಬಸದಿಯಲ್ಲಿ ಒಬ್ಬಿಬ್ಬರು ಮಾತು ಬಿಟ್ಟರು. ಅವರು ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಜಯಪಾಲ ಡಾಕ್ಟರ ಹೆಸರು ಬಂದರೆ ನನ್ನ ಜೀವ ಉಳಿಸಿದವರು ಎಂದೇ ಈಗಲೂ ಹೇಳುತ್ತಿದ್ದರು. ಮಗಳ ಮಾತು ಬಂದರೆ ಮಾತ್ರ ದನಿ ತುಸು ಏರುತ್ತಿತ್ತು.

ಬ್ರಾಹ್ಮಿ ಮುಂದಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು ಪಾಸಾದಳು. ಅಥಣಿಯ ಆಸ್ಪತ್ರೆಯೊಂದಕ್ಕೆ ಸರ್ಜನ್ ಆಗಿ ಬಂದಳು. ಸಿದ್ದಲಿಂಗ ಚಿಕ್ಕೋಡಿಯಲ್ಲೇ ಕೊನೆಯ ವರ್ಷದಲ್ಲಿದ್ದ. ರೌಂಡ್ಸಿನಲ್ಲಿ ಬೇಕೆಂದೇ ಕನ್ನಡದಲ್ಲಿ ಹೇಳುತ್ತಾನಂತೆ ಎಂದು ಬ್ರಾಹ್ಮಿ ನಗುತ್ತಿದ್ದಳು.

ಆ ವರ್ಷ ದ್ರಾಕ್ಷಿ ಬಳ್ಳಿ ಸವರುವಾಗ ಕತ್ತರಿ ಜಾರಿ ಭಾವುಸಾಹೇಬರ ಅಂಗೈ ಸೀಳಿತು. ಬಟ್ಟೆ ಸುತ್ತಿಕೊಂಡು ಅಥಣಿಗೆ ಹೋದರು. ಬ್ರಾಹ್ಮಿ ಗಾಯ ಬಿಚ್ಚಿ ನೋಡಿದಳು, ನರಕ್ಕೇನೂ ಆಗಿಲ್ಲ ಎಂದಳು, ಮರಗಟ್ಟುವ ಸೂಜಿ ಹಾಕಿದಳು. ಆದರೆ ಹೊಲಿಯಲು ತಾನು ಕೂಡಲಿಲ್ಲ. ನಿಪ್ಪಾಣಿಯಿಂದ ತರಬೇತಿಗೆ ಬಂದಿದ್ದ ಪ್ರಾಜಕ್ತಾ ಎಂಬ ಹುಡುಗಿಯನ್ನು ಕರೆದಳು. ಪ್ರಾಜಕ್ತಾ ರೋಗಿ ಯಾರೆಂದು ತಿಳಿದು ಬೆವತುಹೋದಳು. ಸೂಜಿ ಹಿಡಿದ ಅವಳ ಕೈ ಕಣ್ಣಿಗೆ ಕಾಣುವಷ್ಟು ನಡುಗುತ್ತಿತ್ತು.

ಬ್ರಾಹ್ಮಿ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕುಳಿತಳು. “ಗಡಿಬಿಡಿ ಇಲ್ಲ. ಕೈ ನಡುಗಿದ್ರ ನಿಲ್ಲು, ಉಸುರು ತಗೊ, ಮತ್ತ ಹಾಕು. ನಾ ಇಲ್ಲೇ ಅದೀನಿ.”

ಮೊದಲನೆಯ ಹೊಲಿಗೆ ಸೊಟ್ಟ ಬಿತ್ತು. ಪ್ರಾಜಕ್ತಾ ಬೆದರಿ ಬ್ರಾಹ್ಮಿಯ ಮುಖ ನೋಡಿದಳು. ಇದು ಯಾಕೆ ಸೊಟ್ಟ ಆಯಿತು, ಹೇಳು ಎಂದು ಬ್ರಾಹ್ಮಿ ಕೇಳಿದಳು. ಸೂಜಿಯನ್ನು ಓರೆಯಾಗಿ ಚುಚ್ಚಿದೆ ಎಂದಳು ಹುಡುಗಿ. ಹೌದು, ಇನ್ನೊಂದನ್ನು ನೇರ ಹಾಕು ಎಂದಳು ಬ್ರಾಹ್ಮಿ. ಎರಡನೆಯದು ತುಸು ನೇರವಾಯಿತು. ಕೊನೆಯದು ಬಹಳ ಚೆನ್ನಾಗಿ ಬಿತ್ತು. ಭಾವುಸಾಹೇಬರು ಕೈ ಅಲುಗಿಸದೆ ಇಬ್ಬರನ್ನೂ ನೋಡುತ್ತ ಕುಳಿತಿದ್ದರು.

ಮನೆಯಲ್ಲಿ ಜಿನಮತಿ ಪಟ್ಟಿ ಬಿಚ್ಚಿ ಔಷಧ ಹಚ್ಚುವಾಗ ಹುಬ್ಬು ಗಂಟಿಕ್ಕಿದರು. ಮಗಳು ಇಷ್ಟು ಸೊಟ್ಟ ಹೊಲಿದಳೇ ಎಂದು ಕೇಳಿದರು.

ಭಾವುಸಾಹೇಬರು ಅಂಗೈಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿಕೊಂಡರು.

“ಆಕಿ ಹೊಲದಿಲ್ಲ,” ಎಂದರು. “ನಮ್ಮ ಬ್ರಾಹ್ಮಿ ಕಲಿಸಾಕತ್ತಾಳ.”